ಕಳ್ಳ ಕುಬಸ

ಎಲ್ಲ ಸರಿಯಿದ್ದ ಕೊನೆಯ ದಿನ ಒಂದು ಭಾನುವಾರ. ಅಕ್ಕ ರಾಣೆಬೆನ್ನೂರಿನಿಂದ ಮಧ್ಯಾಹ್ನದ ಬಸ್ಸಿಗೆ ಬ್ಯಾಡಗಿಗೆ ಬಂದಳು. ಯುಗಾದಿಗೆ ನಾನೇ ಹೊಲಿದು ಕೊಟ್ಟಿದ್ದ ಕುಬಸವನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಈಗಿನ ಹುಡುಗಿಯರು ಬ್ಲೌಸ್ ಎನ್ನುತ್ತಾರೆ, ಅಕ್ಕನ ಬಾಯಲ್ಲಿ ಅದು ಕೊನೆಯವರೆಗೂ ಕುಬಸವೇ ಆಗಿತ್ತು. ನಮ್ಮೂರಿನ ಮೆಣಸಿನಕಾಯಿ ಘಾಟಿಗೆ ನಾಲ್ಕು ಸಲ ಸೀನಿ, ಮೂಗು ಒರೆಸಿಕೊಳ್ಳುತ್ತ ನನ್ನ ಹೊಲಿಗೆ ಮಷಿನ್ನಿನ ಮುಂದೆ ಕುಳಿತಳು.

"ಏನವಾ ಟೇಲರ್ ಬಾಯಿ, ಇದು ಬಲಕ್ಕ ಬಿಗಿ ಆಗೇತಿ. ನನ್ನ ಬಟ್ಟಿ ಉಳಿಸಿ ಕೈಚೀಲ ಹೊಲ್ಕೊಂಡಿ ಏನು?"

"ನೀ ದಪ್ಪ ಆಗೀದಿ ಅಕ್ಕ."

"ದಪ್ಪ ಆದ್ರ ಎರಡೂ ಕಡೆ ಆಗಬೇಕಲ್ಲ. ಒಂದ ಕಡೆ ಉಂಡೇನೇನು ನಾನು?"

ಇಬ್ಬರೂ ನಕ್ಕೆವು. ನಾನು ಬಲಗಡೆಯ ಟಕ್ಸ್ ಹೊಲಿಗೆ ಬಿಚ್ಚಿ, ಅರ್ಧ ಬೆರಳಿನಷ್ಟು ಸಡಿಲ ಮಾಡಿ ಮತ್ತೆ ಹೊಲಿದೆ. ಅವಳು ಒಳಗೆ ಹೋಗಿ ಹಾಕಿಕೊಂಡು ಬಂದು, "ಈಗ ಬರೋಬ್ಬರಿ ಆತು" ಎಂದಳು. ರೊಟ್ಟಿ ಉಂಡೆವು. ಸಂಜೆ ಬಸ್ಸಿಗೆ ಕಳಿಸಿ ಬಂದೆ.

ಮೈ ಬದಲಾಗಿದೆ ಎಂದು ಅವಳು ಹೇಳುತ್ತಿದ್ದಳು. ಬಟ್ಟೆ ಬದಲಾಗಬೇಕು ಎಂದು ನಾನು ಕೇಳಿಸಿಕೊಂಡೆ. ಇಪ್ಪತ್ತು ವರ್ಷದಿಂದ ಹೊಲಿಯುವವಳ ಕಿವಿ ಅದು. ಯಾರು ಏನು ಹೇಳಿದರೂ ಅದಕ್ಕೆ ಹೊಲಿಗೆಯ ತಪ್ಪೇ ಕೇಳಿಸುತ್ತದೆ.

ಮುಂದಿನ ತಿಂಗಳು ಸ್ನಾನ ಮಾಡುವಾಗ ಅವಳ ಕೈಗೇ ಗಂಟು ಸಿಕ್ಕಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದರು. ಬಲ ಸ್ತನವನ್ನು ಪೂರ್ತಿ ತೆಗೆದರು. ಆಮೇಲೆ ಔಷಧಿ, ಕೂದಲು ಉದುರಿದ್ದು, ಬಾಯಿ ಹುಣ್ಣು. ಅದನ್ನೆಲ್ಲ ನಾನು ಇಲ್ಲಿ ಬರೆಯುವುದಿಲ್ಲ. ಅಂಥದ್ದನ್ನು ನೋಡಿದವರಿಗೆ ಗೊತ್ತಿದೆ, ನೋಡದವರಿಗೆ ಗೊತ್ತಾಗುವುದು ಬೇಡ.

ಅಕ್ಕನ ಒಬ್ಬಳೇ ಮಗಳನ್ನು ಹಾವೇರಿಗೆ ಕೊಟ್ಟಿತ್ತು. ಆ ಮಗಳ ಅತ್ತೆ, ಅಂದರೆ ನಮ್ಮ ಬೀಗತಿ, ಆಸ್ಪತ್ರೆಗೆ ನೋಡಲು ಬಂದರು. ಬಾಳೆಹಣ್ಣು ತಂದಿದ್ದರು. ಮಂಚದ ಅಂಚಿನಲ್ಲಿ ಕುಳಿತು ಸಮಾಧಾನ ಹೇಳಿದರು.

"ಮಗಳಿಗೆ ಹಾಲು ಕುಡಿಸಿ ದೊಡ್ಡಾಕಿ ಮಾಡೀರಿ. ಅದರ ಕೆಲಸ ಮುಗದೈತಿ. ಇನ್ನ ಅದು ಇದ್ರೇನು, ಹೋದ್ರೇನು ಬೀಗರ? ಜೀವ ಉಳೀತಲ್ಲ, ಅಷ್ಟ ಸಾಕು."

ಅಕ್ಕನಿಗೆ ಆಗ ಎದ್ದು ಕೂರಲೂ ಆಗುತ್ತಿರಲಿಲ್ಲ. ಆದರೂ ಸುಮ್ಮನಿರಲಿಲ್ಲ.

"ಖರೇ ಐತ್ರಿ. ಹಂಗಾದ್ರ ನಿಮ್ಮ ಹಲ್ಲೂ ಕೆಲಸ ಮುಗಿಸಿ ಹೋಗಿದ್ವು. ಮತ್ಯಾಕ ಕಟ್ಟಿಸ್ಕೊಂಡ್ರಿ? ಅದರಾಗ ಒಂದು ಕಡ್ಲಿಕಾಳರೆ ಕಡೀತೀರೇನು?"

ಬೀಗತಿ ನಕ್ಕರು. ನಗುವಾಗ ಕಟ್ಟಿಸಿಕೊಂಡ ಹಲ್ಲು ಕಾಣದಂತೆ ಸೆರಗು ಅಡ್ಡ ಹಿಡಿದರು. ಆ ಮಾತನ್ನು ಅವರು ಮರೆಯಲಿಲ್ಲ ಎಂದು ನನ್ನ ಅಂದಾಜು.

ಅವರ ಮಾತು ಅವರೊಬ್ಬರದೇ ಆಗಿದ್ದರೆ ನಾನು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಬಂದವರೆಲ್ಲ ಸುತ್ತಿ ಬಳಸಿ ಅದನ್ನೇ ಹೇಳಿದರು. ಹೆಣ್ಣಿನ ಮೈಯ ಒಂದೊಂದು ಭಾಗಕ್ಕೂ ಒಂದೊಂದು ಕೆಲಸ. ಕೆಲಸ ಮುಗಿದ ಮೇಲೆ ಅದು ಇದ್ದರೆ ಇರಲಿ, ಹೋದರೆ ಹೋಗಲಿ. ಹೋಯಿತಲ್ಲ ಎಂದು ಅಳುವುದು ಮಾತ್ರ ತಪ್ಪು. ಈ ವಯಸ್ಸಿನಲ್ಲಿ ಇದೇನು ಶೋಕಿ ಎನ್ನುತ್ತಾರೆ. ಹಲ್ಲು ಕಟ್ಟಿಸಿಕೊಂಡರೆ ಶೋಕಿಯಲ್ಲ. ಗಂಡಸು ತಲೆಗೆ ಕಪ್ಪು ಹಚ್ಚಿಕೊಂಡು ಮಗನ ಮದುವೆಯಲ್ಲಿ ಓಡಾಡಿದರೆ ಸುಳ್ಳಲ್ಲ. ಯಾವುದು ಶೋಕಿ, ಯಾವುದು ಸುಳ್ಳು ಎಂದು ತೀರ್ಮಾನಿಸುವವರು ಯಾವಾಗಲೂ ಬೇರೆ ಯಾರೋ ಆಗಿರುತ್ತಾರೆ.

ವರ್ಷ ತಿರುಗುವುದರೊಳಗೆ ಅಕ್ಕ ಮತ್ತೆ ಕೆಲಸಕ್ಕೆ ಹೋದಳು. ರಾಣೆಬೆನ್ನೂರಿನಲ್ಲಿ ಬೀಜದ ಶೆಡ್ಡುಗಳಿಗೆ ಕೊರತೆಯಿಲ್ಲ. ಅಂಥ ಒಂದು ಶೆಡ್ಡಿನಲ್ಲಿ ಅವಳು ಮೊದಲಿನಿಂದಲೂ ಕಾಳು ಆರಿಸುತ್ತಿದ್ದಳು. ಜೊಳ್ಳಿನ ವಿಷಯ ನನಗೆ ಹೇಳಿಕೊಟ್ಟವಳು ಅವಳೇ. ಒಣಗಿದ ಜೊಳ್ಳು ನೋಡಲು ಕಾಳಿನ ಹಾಗೆಯೇ ಇರುತ್ತದೆ, ಬಣ್ಣ ಅದೇ, ಆಕಾರ ಅದೇ. ಬೆರಳಿನ ನಡುವೆ ಹಿಡಿದಾಗ ಮಾತ್ರ ತೂಕ ಇಲ್ಲದ್ದು ತಿಳಿಯುತ್ತದೆ. "ಕಣ್ಣು ಮೋಸ ಹೋಗ್ತಾವ, ಬಳ್ಳು ಹೋಗೂದಿಲ್ಲ" ಎನ್ನುತ್ತಿದ್ದಳು. ಬಳ್ಳು ಎಂದರೆ ನಮ್ಮ ಕಡೆ ಬೆರಳು.

ಆಗಲೇ ಅವಳಿಗೆ ಬಲ ಭುಜದ ತೊಂದರೆ ಶುರುವಾಗಿತ್ತು. ಒಂದು ಕಡೆ ಭಾರ ಇದೆ, ಇನ್ನೊಂದು ಕಡೆ ಇಲ್ಲ. ಬಲ ಭುಜ ಮೇಲಕ್ಕೆ ಏಳುತ್ತಿತ್ತು, ಕುತ್ತಿಗೆ ಹಿಡಿಯುತ್ತಿತ್ತು, ಬೆನ್ನು ಒಂದು ಕಡೆ ವಾಲುತ್ತಿತ್ತು. ದಿನವೆಲ್ಲ ಬಗ್ಗಿ ಕೂರುವ ಕೆಲಸ ಬೇರೆ. ಕೆಲಸ ಮುಗಿದಿದೆ ಎಂದು ಬೀಗತಿ ಹೇಳಿದ್ದ ಆ ಅಂಗ ಇಷ್ಟು ವರ್ಷ ಸುಮ್ಮನೆ ಕೂತಿರಲಿಲ್ಲ. ಅವಳನ್ನು ನೆಟ್ಟಗೆ ನಿಲ್ಲಿಸುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ, ನನಗೂ.

ಅಷ್ಟರಲ್ಲಿ ಮಗಳು ಬಸುರಿಯಾದಳು.

ನಮ್ಮಲ್ಲಿ ಬಸುರಿಗೆ ಹೊಸ ಕುಬಸ ತೊಡಿಸಿ ಉಡಿ ತುಂಬುವ ಕಾರ್ಯಕ್ಕೂ ಕುಬಸ ಎಂದೇ ಹೆಸರು. ಮೂರನೆಯ ತಿಂಗಳ ಹೊತ್ತಿಗೆ, ಹೊರಗಿನವರಿಗೆ ತಿಳಿಸದೆ ಮನೆಮಟ್ಟಿಗೆ ಮಾಡುವುದು ಕಳ್ಳ ಕುಬಸ. ಐದಕ್ಕೋ ಏಳಕ್ಕೋ ಬಂಧುಬಳಗ ಕರೆದು ಮಾಡುವುದು ದೊಡ್ಡ ಕುಬಸ. ಹಸಿರು ಸೀರೆ, ಹಸಿರು ಕುಬಸ, ಬುತ್ತಿ ಎಲ್ಲ ತವರಿನವರು ಒಯ್ಯಬೇಕು. ಮೊದಲ ಉಡಿ ತಾಯಿಯ ಕೈಯಿಂದ.

ಏಳನೆಯ ತಿಂಗಳ ಕುಬಸ ಹಾವೇರಿಯಲ್ಲಿ, ಅವರ ಮನೆಯಲ್ಲೇ ಎಂದು ಗೊತ್ತಾಯಿತು. ಬೀಗತಿ ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಆ ಮಾತನ್ನು ನನಗೆ ಅವರದೇ ದನಿ ತೆಗೆದು ಹೇಳಿ ತೋರಿಸಿದಳು.

"'ನೀವು ಬರ್ರಿ ಬೀಗರ, ಬರಬ್ಯಾಡ್ರಿ ಅಂತ ಯಾರು ಅಂದಾರ? ಆದ್ರ ಉಡಿ ತುಂಬಾಕ ಮೈ ತುಂಬಿದ ಐದು ಮಂದಿ ನಮ್ಮಲ್ಲೇ ಅದಾರ. ನಿಮಗ್ಯಾಕ ತ್ರಾಸು?' ಅಂತಾರ ನೋಡ. ಮೈ ತುಂಬಿದಾಕಿ ಬೇಕಂತ."

"ನೀ ಏನಂದಿ?"

"ತ್ರಾಸಿಲ್ರಿ, ನಾನೂ ಮೈ ತುಂಬಿಸ್ಕೊಂಡ ಬರ್ತೀನಿ ಅಂದೆ."

ಅದಕ್ಕೇ ಅವಳು ನನ್ನ ಬಳಿ ಬಂದಿದ್ದು. ಮಗಳ ಉಡಿಯನ್ನು ತನ್ನ ಕೈಯಿಂದ ತುಂಬಬೇಕು, ಯಾರೂ ಅಡ್ಡ ಮಾತು ಆಡಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅವಳಿಗೆ ಒಂದು ಕುಬಸ ಬೇಕಿತ್ತು, ಅದರ ಬಲಗಡೆ ಒಳಗೆ ಒಂದು ಚೀಲ. ಹೇಗಿರಬೇಕು ಎಂದು ಅವಳೇ ಯೋಚಿಸಿಕೊಂಡು ಬಂದಿದ್ದಳು.

"ಮೆತ್ತನ್ನ ಬಟ್ಟಿದು ಒಂದು ಸಣ್ಣ ಚೀಲ ಹೊಲಿ. ಅದರಾಗ ನವಣಿ ತುಂಬು. ಭಾರ ಇರಬೇಕವಾ. ಎಡಗಡೆ ಎಷ್ಟೈತಿ ಅಷ್ಟ."

"ನವಣಿ ಬ್ಯಾಡಕ್ಕ. ಹುಳ ಹತ್ತತಾವು. ಬೆವರಿಗೆ ವಾಸನಿ ಬರ್ತೈತಿ. ಬ್ಲೌಸಿನ ಕಪ್ ತಂದು ಹತ್ತಿ ತುಂಬ್ತೀನಿ. ಆಕಾರ ಛಲೋ ಬರ್ತೈತಿ, ನೋಡಿದವ್ರಿಗೆ ಗೊತ್ತ ಆಗಂಗಿಲ್ಲ."

"ಹತ್ತಿ ಹಗುರ ಆಗ್ತೈತಿ."

"ಭಾರ ಯಾಕ ಬೇಕು? ಕಾಣಿಸಿದ್ರ ಸಾಕಿಲ್ಲನು?"

ಅವಳು ಎಡಗೈಯಿಂದ ಬಲ ಭುಜ ಒತ್ತಿಕೊಂಡಳು. ಆಮೇಲೆ, "ನೀನ ಟೇಲರ್ ಅದಿ, ನಿನಗ ಗೊತ್ತು" ಎಂದಳು.

ಆ 'ಕಾಣಿಸಿದ್ರ ಸಾಕು' ನನ್ನ ಬಾಯಿಗೆ ಎಲ್ಲಿಂದ ಬಂತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಾಲೇಜಿನ ಹುಡುಗಿಯರು ಪೇಟೆಯ ರೆಡಿಮೇಡ್ ಕುರ್ತಾ ತಂದು ತೋರಿಸುತ್ತಾರೆ. ಅದರಲ್ಲಿ ಜೇಬಿನ ಬಾಯಿ ಇರುತ್ತದೆ, ಒಳಗೆ ಜೇಬು ಇರುವುದಿಲ್ಲ. "ಬಾಯಿ ಐತಿ, ಹೊಟ್ಟಿ ಇಲ್ಲ" ಎಂದು ಆ ಹೊಲಿಗೆಯವರನ್ನು ಬೈದು, ಬಿಚ್ಚಿ, ನಿಜವಾದ ಜೇಬು ಇಟ್ಟು ಕೊಡುತ್ತೇನೆ. ಅಪರಿಚಿತ ಹುಡುಗಿಯ ಮೊಬೈಲಿಗೆ ಜಾಗ ಬೇಕು ಎಂದು ನನಗೆ ಹೊಳೆಯುತ್ತದೆ. ಒಡಹುಟ್ಟಿದವಳ ಭುಜಕ್ಕೆ ಭಾರ ಬೇಕು ಎಂದು ಅವಳೇ ಬಾಯಿಬಿಟ್ಟು ಹೇಳಿದರೂ ಹೊಳೆಯಲಿಲ್ಲ. ಯಾಕೆ ಎಂದರೆ ಒಳಗೊಳಗೆ ನಾನೂ ಬೀಗತಿಯ ಪಕ್ಷದವಳೇ ಆಗಿದ್ದೆ. ಹೋದ ಅಂಗಕ್ಕೆ ಈಗ ಉಳಿದಿರುವುದು ತೋರಿಕೆಯ ಕೆಲಸ ಮಾತ್ರ ಎಂದು ನಾನೂ ನಂಬಿದ್ದೆ. ಬೀಗತಿ ಆ ತೋರಿಕೆ ಬೇಡ ಎಂದರು, ನಾನು ಬೇಕು ಎಂದೆ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಅಷ್ಟೇ.

ಎರಡು ದಿನ ಕೂತು ಹೊಲಿದೆ. ಕೆಂಪು ದಡಿಯ ಖಣ. ಕಪ್ಪಿನೊಳಗೆ ಹತ್ತಿಯನ್ನು ಪದರ ಪದರವಾಗಿ ಇಟ್ಟು ಎಡಗಡೆಗೆ ಸರಿಯಾಗಿ ಹೊಂದಿಸಿದೆ. ಅಸ್ತರಕ್ಕೆ ನಾಲ್ಕು ಕಡೆ ಟಾಕಿ ಹೊಲಿಗೆ ಹಾಕಿ ಕೂರಿಸಿದೆ. ಅವಳು ತೊಟ್ಟು ಕನ್ನಡಿಯ ಮುಂದೆ ನಿಂತಾಗ ನನಗೇ ಹೆಮ್ಮೆಯಾಯಿತು. ನಿಂತಾಗ. ಕೈ ಎತ್ತಿಸಿ ನೋಡಲಿಲ್ಲ, ಬಗ್ಗಿಸಿ ನೋಡಲಿಲ್ಲ. ಮದುವಣಗಿತ್ತಿಯ ಬ್ಲೌಸ್ ಹೊಲಿದಾಗಲೂ ಕೈ ಎತ್ತಿಸಿ ನೋಡುವವಳು ನಾನು. ಅಂದು ಕನ್ನಡಿ ಸಾಕು ಅನ್ನಿಸಿತು.

ಹಾವೇರಿಯ ಅವರ ಮನೆಯ ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಮಗಳನ್ನು ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಅಕ್ಕನನ್ನು ಕಂಡು ಎಲ್ಲರ ಕಣ್ಣೂ ಮೊದಲು ಎದೆಯ ಮೇಲೆ ಹೋಗಿ ಆಮೇಲೆ ಮುಖಕ್ಕೆ ಬಂದವು. ಏನೂ ಕೊರತೆ ಕಾಣಲಿಲ್ಲ. ಬೀಗತಿ ಕೂಡ ಒಂದು ಗಳಿಗೆ ಗಲಿಬಿಲಿಗೊಂಡರು. ಮಗಳು, "ಮೊದಲು ನಮ್ಮವ್ವ ತುಂಬಲಿ" ಎಂದಳು. ಯಾರೂ ಬೇಡ ಎನ್ನಲಿಲ್ಲ. ನನ್ನ ಹೊಲಿಗೆ ಗೆದ್ದಿತು ಅಂದುಕೊಂಡೆ.

ಅಕ್ಕ ಅರಿಶಿನ ಕುಂಕುಮ ಹಚ್ಚಿದಳು. ಹೂವಿನ ದಂಡೆಯನ್ನು ಮಗಳ ತಲೆಗೆ ಕಟ್ಟಲು ಎರಡೂ ಕೈ ಎತ್ತಿದಳು. ಆಪರೇಷನ್ ಆದ ಮೇಲೆ ಬಲಗೈ ಅವಳಿಗೆ ಪೂರ್ತಿ ಏಳುತ್ತಿರಲಿಲ್ಲ. ಮಗಳ ತಲೆಯ ಹಿಂದೆ ಗಂಟು ಹಾಕಲು ಮೈಯನ್ನೇ ಎಳೆದು ಎತ್ತಿದಳು. ಕುಬಸದ ಬಲಗಡೆ ಪೂರ್ತಿ ಕೈಯ ಜೊತೆ ಮೇಲೆ ಹೋಯಿತು. ಒಳಗೆ ಹಿಡಿದು ಕೂರಿಸುವ ಭಾರ ಏನೂ ಇರಲಿಲ್ಲವಲ್ಲ. ಕೈ ಇಳಿಸಿದಳು. ಹತ್ತಿ ಇಳಿಯಲಿಲ್ಲ. ಕೊರಳ ಎಲುಬಿನ ಕೆಳಗೆ ಒಂದು ಉಂಡೆಯಾಗಿ ನಿಂತಿತು, ಅದರ ಕೆಳಗೆ ಚಪ್ಪಟೆ.

ನೋಡಬಾರದು ಎಂದುಕೊಂಡವರೂ ನೋಡಿದರು. ಯಾರೋ ಹಿಂದಿನಿಂದ, "ಸೆರಗು, ಸೆರಗು" ಎಂದು ಪಿಸುಗುಟ್ಟಿದರು. ಆಗ ಬೀಗತಿ, ಎಲ್ಲರಿಗೂ ಕೇಳುವ ಹಾಗೆ, ಚೇಷ್ಟೆಯ ದನಿಯಲ್ಲೇ ಹೇಳಿದರು:

"ಅಯ್ಯ ಬೀಗರ, ಮಗಳಿಗೆ ದೊಡ್ಡ ಕುಬಸ, ತಾಯಿಗೆ ಕಳ್ಳ ಕುಬಸೇನ್ರಿ?"

ಪಡಸಾಲೆ ನಕ್ಕಿತು. ಮಾತು ಒಳ್ಳೆಯ ಅಚ್ಚಿನಲ್ಲಿ ಹೊಯ್ದ ಹಾಗಿತ್ತು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಂಥ ಮಾತಿಗೆ ನಮ್ಮ ಜನ ನಗದೆ ಇರಲಾರರು. ಅಷ್ಟು ಅಂದವಾದ ಮಾತು ಅಷ್ಟು ಕೆಟ್ಟದಾಗಿರಬಹುದು ಎಂದು ನಗುವ ಹೊತ್ತಿಗೆ ಯಾರಿಗೂ ಅನ್ನಿಸುವುದಿಲ್ಲ. ನನಗೂ ಅನ್ನಿಸಲಿಲ್ಲ. ನನ್ನ ತುಟಿಯ ತುದಿಯೂ ಮೇಲಕ್ಕೆ ಹೋಯಿತು. ಅರ್ಧ ಗಳಿಗೆ ಕೂಡ ಇಲ್ಲ. ಆದರೆ ಆ ಹೊತ್ತಿಗೆ ಅಕ್ಕ ಬೇರೆ ಯಾರನ್ನೂ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಅವಳು ಎಡಗೈಯಿಂದ ಎದೆಯನ್ನು ಒತ್ತಿ ಹಿಡಿದುಕೊಂಡಳು. ಉಡಿಗೆ ಬೊಗಸೆಯಲ್ಲಿ ಅಕ್ಕಿ ಹಾಕಬೇಕು, ಅದಕ್ಕೆ ಎರಡೂ ಕೈ ಬೇಕು. ಅವಳು ಬಲಗೈಯೊಂದರಿಂದಲೇ ಐದು ಹಿಡಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು, ಉತ್ತತ್ತಿ ಇಟ್ಟಳು. ಒಂದನ್ನೂ ಬಿಡಲಿಲ್ಲ. ಮಗಳು ಅಳುತ್ತಿದ್ದಳು. ಬಸುರಿ ಅಳಬಾರದು ಎಂದು ಹೆಂಗಸರು ಮಗಳನ್ನು ಬೈದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕುಳಿತಳು. ಬಸ್ಸು ಮೋಟೆಬೆನ್ನೂರು ದಾಟಿತು. ಅವಳೇ ಕೊನೆಗೆ, "ನೀ ಉಂಡಿ ಇಲ್ಲೋ?" ಎಂದು ಕೇಳಿದಳು. ಉಂಡೆ ಎಂದೆ. "ಛಲೋ ಆತು" ಎಂದಳು. ಅಷ್ಟೇ.

ಛಲೋ ಎಂಬ ಈ ಮಾತನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಛಲೋ ಹೊಲಿಗೆ, ಛಲೋ ಕತ್ತರಿ, ಛಲೋ ಮನುಷ್ಯ. ಕಣ್ಣಿಗೆ ಚೆನ್ನಾಗಿ ಕಂಡರೂ ಛಲೋ, ಕೆಲಸಕ್ಕೆ ಬಂದರೂ ಛಲೋ, ನಡತೆ ನೇರವಿದ್ದರೂ ಛಲೋ. ಮೂರಕ್ಕೂ ಒಂದೇ ಮಾತು ಇಟ್ಟ ಹಿರಿಯರು ಇವು ಮೂರೂ ಒಂದೇ ಎಂದು ತಿಳಿದಿದ್ದರೋ, ಅಥವಾ ಬೇರೆ ಬೇರೆ ಮಾಡಿ ನೋಡುವ ಪುರುಸೊತ್ತು ಅವರಿಗೆ ಇರಲಿಲ್ಲವೋ ಗೊತ್ತಿಲ್ಲ. ನಾನು ಓದಿದ್ದು ಹತ್ತನೆಯ ತರಗತಿ. ನನಗೆ ತಿಳಿದದ್ದು ಇಷ್ಟು: ನಾನು ಹೊಲಿದ ಆ ಕುಬಸ ಕಣ್ಣಿಗೆ ಛಲೋ ಇತ್ತು, ಕೆಲಸಕ್ಕೆ ಛಲೋ ಇರಲಿಲ್ಲ. ಕೆಲಸಕ್ಕೆ ಛಲೋ ಆಗದೆ ಹೋದದ್ದು ಕೈಯ ತಪ್ಪಿನಿಂದಲ್ಲ. ಯಾರ ಕಣ್ಣಿಗಾಗಿ ಹೊಲಿಯುತ್ತಿದ್ದೇನೆ, ಯಾರ ಮೈಗಾಗಿ ಹೊಲಿಯುತ್ತಿದ್ದೇನೆ ಎಂಬ ಲೆಕ್ಕವೇ ತಪ್ಪಿತ್ತು. ಹೊಲಿಯುವವಳ ನಡತೆ ಹೊಲಿಗೆಯೊಳಗೆ ಹೋಗಿ ಕೂತಿರುತ್ತದೆ. ಮುಟ್ಟಿ ನೋಡಿದವರಿಗೆ ಸಿಗುತ್ತದೆ. ಅಕ್ಕನ ಬೆರಳಿಗೆ ಅದು ಮೊದಲೇ ಸಿಕ್ಕಿರಬೇಕು.

ಆಮೇಲೆ ಅವಳು ಮನೆ ಬಿಟ್ಟು ಹೊರಗೆ ಹೋಗುವುದನ್ನು ಕಡಿಮೆ ಮಾಡಿದಳು. ಬೀಜದ ಶೆಡ್ಡಿನ ಕೆಲಸ ಬಿಟ್ಟಳು. ಹುಬ್ಬಳ್ಳಿಗೆ ತೋರಿಸಿಕೊಳ್ಳಲು ಹೋಗುವ ದಿನ ಬಂದರೆ ಹೊಟ್ಟೆನೋವು ಎಂದಳು, ಮನೆಯಲ್ಲಿ ಕೆಲಸ ಎಂದಳು. ಅವಳ ಗಂಡ, ನಮ್ಮ ಮಾಮಾ, ನನಗೆ ಫೋನ್ ಮಾಡಿ, "ನೀ ಒಂದು ಮಾತು ಹೇಳವಾ, ನನ್ನ ಮಾತು ಕೇಳವಲ್ಲಳು" ಎಂದರು. ಹೋದೆ, ಹೇಳಿದೆ.

"ಮತ್ತ ಕುಬಸ ಬಿಚ್ಚಿ ತೋರಸಬೇಕು. ಸಾಕವಾ. ಎಲ್ಲಾರೂ ನೋಡಿದ್ದು ಸಾಕು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ವಾರವೇ ನಾನು ನವಣೆಯ ಚೀಲ ಹೊಲಿದೆ. ಹಳೆಯ ಧೋತರದ ಮೆತ್ತನೆಯ ಬಟ್ಟೆ, ಎರಡು ಪದರ. ಎಡಗಡೆಯ ಭಾರಕ್ಕೆ ಅಂದಾಜು ಹೊಂದಿಸಿ ನವಣೆ ತುಂಬಿದೆ. ಕೈಯಲ್ಲಿ ಹಿಡಿದರೆ ಅಂಗೈಯ ಆಕಾರಕ್ಕೆ ಬರುತ್ತಿತ್ತು. ಅಷ್ಟು ಒಳ್ಳೆಯ ವಸ್ತುವನ್ನು ನಾನು ಅದಕ್ಕಿಂತ ಮೊದಲು ಮಾಡಿರಲಿಲ್ಲ. ಅಕ್ಕ ಅದನ್ನು ತೆಗೆದುಕೊಂಡು ಕೈಯಲ್ಲಿ ತೂಗಿ, "ಹೂಂ, ಇದು ಬರೋಬ್ಬರಿ ಐತಿ" ಎಂದು ಟ್ರಂಕಿನಲ್ಲಿ ಇಟ್ಟಳು. ಒಮ್ಮೆಯೂ ತೊಡಲಿಲ್ಲ.

ಹಾಸಿಗೆ ಹಿಡಿದ ಮೇಲೆ ಹುಬ್ಬಳ್ಳಿಗೆ ಒಯ್ದಾಗ ರೋಗ ಬೆನ್ನೆಲುಬಿಗೆ ಬಂದಿತ್ತು. ವೇಳೆಗೆ ಸರಿಯಾಗಿ ತೋರಿಸಿದ್ದರೂ ಬರುತ್ತಿತ್ತೋ ಏನೋ ಎಂದು ಡಾಕ್ಟರು ಹೇಳಿದರು. ಹತ್ತಿಯೇ ಅವಳನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ದೊಡ್ಡ ಮಾತಾಗುತ್ತದೆ, ದೊಡ್ಡ ಮಾತು ಒಂದು ಥರದ ಬಿಡುಗಡೆ. ಚೊಚ್ಚಲ ಬಾಣಂತನಕ್ಕೆ ಮಗಳನ್ನು ಬೀಗತಿ ತವರಿಗೆ ಕಳಿಸಲಿಲ್ಲ. ಮೊಮ್ಮಗಳನ್ನು ಅಕ್ಕ ಮೊಬೈಲಿನಲ್ಲಿ ನೋಡಿದಳು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಮಗಳು ರಾಣೆಬೆನ್ನೂರಿಗೆ ಓಡಿ ಬಂದಾಗ ಅಕ್ಕ ಯಾರನ್ನೂ ಗುರುತಿಸುತ್ತಿರಲಿಲ್ಲ.

ಅಕ್ಕ ಹೋದ ದಿನ, ಮೈ ತೊಳೆದ ಮೇಲೆ ಕುಬಸ ತೊಡಿಸುವ ಕೆಲಸ ನನ್ನದಾಯಿತು. ನಾನು ಟ್ರಂಕಿನಿಂದ ನವಣೆಯ ಚೀಲ ತೆಗೆದುಕೊಂಡು ಬಂದೆ. ಬೀಗತಿಯೂ ಬಂದಿದ್ದರು. ಅವರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಆ ಕಣ್ಣೀರು ಖರೆಯೋ ಸುಳ್ಳೋ ಎಂದು ನಾನು ಕೇಳಲಾರೆ. ನನ್ನ ಕೈ ಹಿಡಿದವಳು ಮಗಳು.

"ಬ್ಯಾಡ ಚಿಗವ್ವ."

"ಆಕಿನ ಕೇಳಿದ್ಲಲ್ಲ. ಭಾರ ಬೇಕು ಅಂದಿದ್ಲು."

"ನಿಲ್ಲಾಕ, ನಡ್ಯಾಕ ಬೇಕಂದಿದ್ಲು. ಈಗ ಮಲಗ್ಯಾಳ. ಈಗ ಇಟ್ರ ಮಂದಿಗೆ ತೋರ್ಸಾಕ ಇಟ್ಟಂಗ ಆಗ್ತೈತಿ. ಅವ್ವ ಇದ್ದಂಗ ಹೋಗ್ಲಿ."

ನಾನು ಬಿಟ್ಟೆ. ಅವಳು ಹೇಳಿದ್ದು ಸರಿಯಾಗಿತ್ತು. ಮತ್ತೆ ನೋಡುವವರಿಗಾಗಿಯೇ ಇಡಲು ಹೊರಟಿದ್ದೆ, ಆ ಸಲ ನೋಡುವವಳು ನಾನೊಬ್ಬಳೇ ಆಗಿದ್ದೆ. ಚೀಲವನ್ನು ಮನೆಗೆ ತಂದು ಇಟ್ಟೆ. ಮಳೆಗಾಲಕ್ಕೆ ಹುಳ ಹತ್ತಿತು. ಬಿಚ್ಚಿ ತಿಪ್ಪೆಗೆ ಸುರಿದೆ.

ಈಗ ಬ್ಯಾಡಗಿಯಿಂದ, ಸುತ್ತಲಿನ ಹಳ್ಳಿಗಳಿಂದ ಇಂಥ ಆಪರೇಷನ್ ಆದ ಹೆಂಗಸರು ಒಬ್ಬೊಬ್ಬರಾಗಿ ನನ್ನ ಬಳಿ ಬರುತ್ತಾರೆ. ಬಾಗಿಲು ಮುಂದೆ ಮಾಡಿ ಅಳತೆ ತೆಗೆದುಕೊಳ್ಳುತ್ತೇನೆ. ಭಾರ ತುಂಬಿ, ಒಳಗಡೆ ಪಟ್ಟಿ ಕೊಟ್ಟು ಹೊಲಿಯುತ್ತೇನೆ. ಕೈ ಎತ್ತಿಸುತ್ತೇನೆ, ಬಗ್ಗಿಸುತ್ತೇನೆ, ಕೊಡ ಎತ್ತಿದ ಹಾಗೆ ಮಾಡಿ ತೋರಿಸಿ ಎನ್ನುತ್ತೇನೆ. ಹೋದ ವಾರ ಒಬ್ಬರು, "ಪುಣ್ಯದ ಕೆಲಸ ಮಾಡಾಕತ್ತೀರಿ ಅಕ್ಕಾರ" ಎಂದರು. ಪುಣ್ಯವಲ್ಲ, ಹೊಲಿಗೆ ಎಂದೆ. ಒಬ್ಬಳ ಮೈಮೇಲೆ ತಪ್ಪು ಮಾಡಿ ಕಲಿತದ್ದನ್ನು ಇನ್ನೊಬ್ಬರ ಮೈಮೇಲೆ ಸರಿಯಾಗಿ ಮಾಡುವುದಕ್ಕೆ ಪುಣ್ಯ ಎನ್ನುವುದಾದರೆ ಆ ಪುಣ್ಯ ನನಗೆ ಬೇಡ.

ಬೀಗತಿಯನ್ನು ಅಕ್ಕ ಬೈದಳು, ಹಾಸಿಗೆ ಹಿಡಿದ ಮೇಲೆ ಬಾಯಿ ತುಂಬ ಬೈದಳು. ಮಾಮಾನನ್ನು ಬೈದಳು, ದೇವರನ್ನು ಬೈದಳು. ನಾನು ಎರಡು ತಿಂಗಳು ಅವಳ ಪಕ್ಕದಲ್ಲೇ ಇದ್ದೆ. ಹತ್ತಿಯ ಬಗ್ಗೆಯಾಗಲಿ, ಆ ದಿನ ನನ್ನ ತುಟಿಯ ಮೇಲೆ ಬಂದ ನಗೆಯ ಬಗ್ಗೆಯಾಗಲಿ ಅವಳು ಒಂದು ಮಾತನ್ನೂ ಆಡಲಿಲ್ಲ. ನನಗೆ ಬರಬೇಕಾಗಿದ್ದ ಆ ಬೈಗುಳ ಬರಲೇ ಇಲ್ಲ.